ಊಟ ಬೇಡವೆನ್ನುವ ಕಾಯಿಲೆ

ಊಟ ಬಲ್ಲವನಿಗೆ ರೋಗವಿಲ್ಲವೆಂದು ಹಿರಿಯರು ಹೇಳಿದರು. ಹೊಟ್ಟೆಯ ರೋಗಗಳ ಮಟ್ಟಿಗೆ ಮಾತು ನಿಜ. ಆದರೆ ಊಟದಲ್ಲಿಯೇ ಬಂದು ಕೂಡುವ ರೋಗವೊಂದಿದೆ. ಎದುರಿಗೆ ತಟ್ಟೆ ಇದೆ, ಹೊಟ್ಟೆಯಲ್ಲಿ ಹಸಿವಿದೆ, ಕೈ ಮಾತ್ರ ಬಾಯಿಗೆ ಹೋಗುವುದಿಲ್ಲ. ಕೆಲವರಲ್ಲಿ ಇದೇ ತಿರುವುಮುರುವಾಗಿ, ಹೊಟ್ಟೆ ಬಿರಿಯುವಂತಾದರೂ ಕೈ ನಿಲ್ಲುವುದಿಲ್ಲ. ಇವು ಹಟವಲ್ಲ, ಚಪಲವೂ ಅಲ್ಲ. ಮನಸ್ಸಿನ ಕಾಯಿಲೆಗಳು, ಮೈಯನ್ನು ಹಿಡಿದು ಕೊಲ್ಲಬಲ್ಲ ಕಾಯಿಲೆಗಳು ಎಂದು ವೈದ್ಯಶಾಸ್ತ್ರ ಹೇಳುತ್ತದೆ. ನಾನು ವೈದ್ಯನಲ್ಲ, ಮೆಟ್ರಿಕ್ ಮುಗಿಸಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದವನು. ನಮ್ಮ ಮನೆಯ ಬಾಗಿಲಿಗೇ ಇದು ಬಂದುದರಿಂದ ಓದಬೇಕಾಯಿತು, ಬಲ್ಲವರನ್ನು ಕೇಳಬೇಕಾಯಿತು. ಹಾಗೆ ತಿಳಿದುದನ್ನು ವಾಚನಾಲಯದ ಬಂಧುಗಳ ಮುಂದೆ ಇಡುತ್ತಿದ್ದೇನೆ.

ಸಂಗತಿ ನನ್ನ ಅಕ್ಕನ ಮಗಳದು. ಅಕ್ಕ ಭಾವ ಡೊಂಬಿವಲಿಯಲ್ಲಿದ್ದಾರೆ. ಹುಡುಗಿ ಹನ್ನೊಂದನೆಯ ತರಗತಿಗೆ ಸೇರಿದ ವರ್ಷ, ಅಜ್ಜಿಯ ಜೊತೆ ತಾನೂ ಚಾತುರ್ಮಾಸ್ಯ ಹಿಡಿಯುತ್ತೇನೆಂದಳು. ನಮ್ಮಲ್ಲಿ ಅದರ ಕ್ರಮ ಬಲ್ಲವರಿಗೆ ಗೊತ್ತು: ಮೊದಲ ತಿಂಗಳು ಶಾಕವ್ರತ, ತರಕಾರಿ ಇಲ್ಲ, ಎರಡನೆಯ ತಿಂಗಳು ಮೊಸರಿಲ್ಲ, ಮೂರನೆಯದರಲ್ಲಿ ಹಾಲಿಲ್ಲ, ನಾಲ್ಕನೆಯದರಲ್ಲಿ ದ್ವಿದಳ, ಅಂದರೆ ಬೇಳೆಕಾಳು ಇಲ್ಲ. ಒಂದು ಬಿಟ್ಟಾಗ ಹಿಂದಿನದು ಮರಳಿ ಎಲೆಗೆ ಬರುತ್ತದೆ. ಅಜ್ಜಿಯ ಎಲೆಗೆ ಬಂತು, ಹುಡುಗಿಯ ಎಲೆಗೆ ಬರಲಿಲ್ಲ. ತರಕಾರಿ ಹೋದದ್ದು ಹೋಯಿತು, ಮೊಸರು ಹೋದದ್ದು ಹೋಯಿತು. ಈ ಕಾಲದಲ್ಲಿ ಇಂಥ ಹುಡುಗಿ ಉಂಟೇ ಎಂದು ಬಂದವರೆಲ್ಲ ಹೊಗಳಿದರು. ನಾನೂ ಹೊಗಳಿದೆ. ತಿಂದುದನ್ನೆಲ್ಲ ಒಂದು ಸಣ್ಣ ನೋಟುಬುಕ್ಕಿನಲ್ಲಿ ಬರೆದಿಡುತ್ತಿದ್ದಳು. ಗೆರೆ ಎಳೆದು, ಕೂಡಿಸಿ, ಕೆಳಗೆ ಮೊತ್ತ. ಅದನ್ನು ನೋಡಿ, "ಶಾಭಾಸ್, ನನಗಿಂತ ಚೊಕ್ಕ ಬರೆಯುತ್ತೀಯಲ್ಲ!" ಎಂದವನು ನಾನೇ. ಆ ಮಾತು ಈಗಲೂ ನನ್ನನ್ನು ಚುಚ್ಚುತ್ತದೆ.

ಉತ್ಥಾನ ದ್ವಾದಶಿ ಬಂತು, ತುಳಸಿ ಪೂಜೆಯಾಯಿತು, ಅಜ್ಜಿ ಪಾರಣೆ ಮಾಡಿದರು. ಹುಡುಗಿಯ ವ್ರತ ಮುಗಿಯಲಿಲ್ಲ. ವಿಚಿತ್ರವೆಂದರೆ ಅಡಿಗೆಮನೆಯನ್ನು ಬಿಟ್ಟು ಹೋಗಲೊಲ್ಲಳು. ಭಾನುವಾರ ಎಲ್ಲರಿಗೂ ಹೋಳಿಗೆ ಮಾಡುವಳು, ಬಡಿಸುವಳು, ಇನ್ನೊಂದು ಹಾಕಿಸಿಕೊಳ್ಳಿರೆಂದು ಒತ್ತಾಯ ಮಾಡುವಳು; ತಾನು ಮುಟ್ಟಳು. ರಾತ್ರಿ ಮೊಬೈಲಿನಲ್ಲಿ ಅಡಿಗೆಯ ಚಿತ್ರಗಳನ್ನು ನೋಡುತ್ತ ಕೂಡುವಳು. ಮುಂಬಯಿಯ ಸೆಕೆಯಲ್ಲಿ ಸ್ವೆಟರ್ ಹಾಕಿಕೊಳ್ಳತೊಡಗಿದಳು. ತಲೆಗೂದಲು ಉದುರಿತು, ತಿಂಗಳ ಮುಟ್ಟು ನಿಂತಿತು. ಭಾವನಿಗೆ ಕ್ಷಯದ ಭಯ. ಈ ಊರಿನಲ್ಲಿ ಮೈ ಇಳಿದರೆ ಮೊದಲು ಬರುವ ಸಂಶಯ ಅದೇ, ಮತ್ತು ಅದು ತಪ್ಪಲ್ಲ. ಎದೆಯ ಫೋಟೋ ತೆಗೆಸಿದರು, ಏನೂ ಇಲ್ಲ. ಥೈರಾಯ್ಡ್ ನೋಡಿಸಿದರು, ಸರಿಯಾಗಿದೆ. ಹತ್ತಿರದ ಡಾಕ್ಟರು ಪಿತ್ತವೆಂದು ಮಾತ್ರೆ, ಹಸಿವಿಗೆಂದು ಟಾನಿಕ್ ಕೊಟ್ಟರು. ಅಕ್ಕ ದೃಷ್ಟಿ ತೆಗೆದಳು. ಹೀಗೆ ಎಂಟು ತಿಂಗಳು ಕಳೆದವು. ಒಂದು ಬೆಳಿಗ್ಗೆ ಲೋಕಲ್ ಹತ್ತುವ ಮೊದಲು ಹುಡುಗಿ ಪ್ಲಾಟ್‌ಫಾರ್ಮಿನ ಮೇಲೆ ಬಿದ್ದಳು.

ಆಸ್ಪತ್ರೆಯಲ್ಲಿ ನೋಡಿದ ವೈದ್ಯೆ ನಾಡಿ ಹಿಡಿದು, ಬಹಳ ನಿಧಾನವಾಗಿದೆಯೆಂದು ಹುಬ್ಬು ಗಂಟಿಕ್ಕಿದರು. ಬಳಿಕ ನಮ್ಮನ್ನು ಹೊರಗೆ ಕಳಿಸದೆಯೇ, ಹುಡುಗಿಯ ಪಕ್ಕದಲ್ಲಿ ಕೂತು ಕೇಳಿದರು: "ನಿನಗೆ ಹಸಿವೇ ಆಗುವುದಿಲ್ಲವೋ, ಹಸಿವಾದರೂ ತಿನ್ನುವುದಕ್ಕೆ ಭಯವೋ?" ಎಂಟು ತಿಂಗಳಲ್ಲಿ ಯಾರೂ ಕೇಳದ ಪ್ರಶ್ನೆ. ಹುಡುಗಿ ಗೋಡೆಯ ಕಡೆ ತಿರುಗಿ, "ಭಯ" ಎಂದಳು.

ಈ ಕಾಯಿಲೆಗೆ ಅನೊರೆಕ್ಸಿಯಾ ನರ್ವೋಸಾ ಎಂದು ಹೆಸರು. ಅನೊರೆಕ್ಸಿಯಾ ಎಂದರೆ ಹಸಿವಿಲ್ಲದಿರುವಿಕೆ. ಹೆಸರಿಟ್ಟವರು ಇಲ್ಲಿ ಸ್ವಲ್ಪ ಎಡವಿದರು. ರೋಗಿಗೆ ಹಸಿವಿರುತ್ತದೆ, ಹಸಿವನ್ನು ಗೆಲ್ಲುವುದೇ ಅವರಿಗೆ ಒಂದು ಸಾಧನೆಯಾಗಿ, ತಿನ್ನುವುದೇ ಸೋಲಾಗಿ ಕಾಣುತ್ತದೆ. ಕಾಯಿಲೆ ಹೊಸದೂ ಅಲ್ಲ. ೧೬೮೯ರಲ್ಲಿಯೇ ಇಂಗ್ಲೆಂಡಿನ ರಿಚರ್ಡ್ ಮಾರ್ಟನ್ ಎಂಬ ವೈದ್ಯ ಕ್ಷಯರೋಗದ ಮೇಲೆ ಬರೆದ ತನ್ನ ಗ್ರಂಥದಲ್ಲಿ, ಕ್ಷಯದಂತೆಯೇ ಮೈ ಕರಗುವ, ಆದರೆ ಜ್ವರ ಕೆಮ್ಮು ಇಲ್ಲದ ಇಬ್ಬರು ರೋಗಿಗಳ ವೃತ್ತಾಂತ ಕೊಟ್ಟಿದ್ದಾನೆ. ಒಬ್ಬಳು ಹದಿನೆಂಟರ ಹುಡುಗಿ. ಔಷಧ ಬೇಡವೆಂದಳು, ಉಳಿಯಲಿಲ್ಲ. ಇನ್ನೊಬ್ಬ ಹದಿನಾರರ ಹುಡುಗ, ಪಾದ್ರಿಯ ಮಗ; ಅವನನ್ನು ಓದು ಬಿಡಿಸಿ ಹಳ್ಳಿಯ ಗಾಳಿಗೆ ಕಳಿಸಿ ಹಾಲಿನ ಪಥ್ಯದಲ್ಲಿಟ್ಟ ಮೇಲೆ ಚೇತರಿಸಿಕೊಂಡ. ಇದು ಹೆಣ್ಣುಮಕ್ಕಳ ಖಯಾಲಿ ಎಂದು ತಳ್ಳಿಹಾಕುವವರು ಆ ಹುಡುಗನನ್ನು ನೆನಪಿಡಬೇಕು. ಮುಂದೆ ೧೮೭೩ರಲ್ಲಿ ಪ್ಯಾರಿಸ್ಸಿನಲ್ಲಿ ಲಾಸೇಗ್, ಅದೇ ಸುಮಾರಿಗೆ ಲಂಡನ್ನಿನಲ್ಲಿ ಸರ್ ವಿಲಿಯಂ ಗಲ್ ಇದನ್ನು ಬೇರೆ ಕಾಯಿಲೆಯಾಗಿ ಗುರುತಿಸಿದರು. ಈಗಿನ ಹೆಸರು ಗಲ್ ಕೊಟ್ಟದ್ದು.

ನನಗೆ ಎಲ್ಲಕ್ಕಿಂತ ಹೆಚ್ಚು ಬೆಳಕು ಕೊಟ್ಟದ್ದು ಅಮೆರಿಕದ ಒಂದು ಪ್ರಯೋಗ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, ೧೯೪೪–೪೫ರಲ್ಲಿ, ಮಿನೆಸೋಟ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್ ಎಂಬವರು ಮೂವತ್ತಾರು ಮಂದಿ ಗಟ್ಟಿಮುಟ್ಟಾದ ತರುಣರನ್ನು, ಅವರ ಒಪ್ಪಿಗೆಯ ಮೇಲೆ, ಸುಮಾರು ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟರು. ಇವರು ಯುದ್ಧದಲ್ಲಿ ಕೊಲ್ಲಲಾರೆವೆಂದು ಸೈನ್ಯಕ್ಕೆ ಸೇರದವರು. ಯುರೋಪಿನಲ್ಲಿ ಹಸಿದ ಜನಕ್ಕೆ ಹೇಗೆ ಉಣಿಸಬೇಕೆಂಬುದು ತಿಳಿಯಲೆಂದು ತಮ್ಮ ಮೈಯನ್ನೇ ಕೊಟ್ಟರು. ಅವರ ತೂಕದಲ್ಲಿ ಕಾಲುಭಾಗದಷ್ಟು ಇಳಿಯಿತು. ಅದು ನಿರೀಕ್ಷಿಸಿದ್ದೇ. ನಿರೀಕ್ಷಿಸದ್ದು ಮನಸ್ಸಿನ ಮೇಲಾದ ಪರಿಣಾಮ. ಆರೋಗ್ಯವಂತ ಗಂಡಸರು ಅಡಿಗೆಯ ಪುಸ್ತಕಗಳನ್ನು ಓದತೊಡಗಿದರು, ಪಾಕವಿಧಾನ ಕೂಡಿಹಾಕತೊಡಗಿದರು. ತಟ್ಟೆಯ ಮುಂದೆ ಗಂಟೆಗಟ್ಟಲೆ ಕೂತು ಒಂದೊಂದು ತುತ್ತನ್ನು ಎಳೆದಾಡಿದರು. ಸಿಡುಕರಾದರು, ಗೆಳೆಯರನ್ನು ದೂರ ಮಾಡಿದರು, ಬೇಸಗೆಯಲ್ಲಿ ಚಳಿ ಎಂದರು. ಮತ್ತೆ ಊಟ ಕೊಟ್ಟಾಗ ಕೆಲವರು ತಡೆಯಿಲ್ಲದೆ ತಿಂದರು. ಮನಸ್ಸು ಹಳೆಯ ಹದಕ್ಕೆ ಬರಲು ತಿಂಗಳುಗಳೇ ಹಿಡಿದವು. ಇದರ ವರದಿ ೧೯೫೦ರಲ್ಲಿ ಎರಡು ದೊಡ್ಡ ಸಂಪುಟಗಳಾಗಿ ಹೊರಬಂತು.

ಇದನ್ನು ಓದಿದಾಗ ನನ್ನ ಸೊಸೆಯ ಹೋಳಿಗೆ, ಸ್ವೆಟರು, ಸಿಡುಕು ಎಲ್ಲ ಒಂದೇ ಸಲ ಅರ್ಥವಾದವು. ಹಟಮಾರಿ ಎಂದು ನಾವು ಬೈದದ್ದರಲ್ಲಿ ಅರ್ಧಕ್ಕೆ ಹೆಚ್ಚು ಹಸಿವು ಮಾಡಿಸಿದ ಕೆಲಸ. ಭಯದಿಂದ ಊಟ ಬಿಡುತ್ತಾರೆ. ಊಟ ಬಿಟ್ಟದ್ದರಿಂದ ಮೆದುಳು ಸೊರಗುತ್ತದೆ. ಸೊರಗಿದ ಮೆದುಳು ಭಯವನ್ನು ದೊಡ್ಡದು ಮಾಡುತ್ತದೆ. ಗಾಣದ ಎತ್ತಿನಂತೆ ಸುತ್ತಿದಲ್ಲೇ ಸುತ್ತು. ಇಂಥವರ ಜೊತೆ ವಾದ ಮಾಡಿ ಗೆಲ್ಲುವೆನೆಂದು ಹೊರಟರೆ ಆಗದು. ಮೈಗೆ ಅನ್ನ ಸೇರಿದ ಮೇಲೆ ಮಾತು ಒಳಗೆ ಹೋಗುತ್ತದೆ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಊರಿಗೆ ಹಣ ಕಳಿಸಬೇಕೆಂದು ರಾತ್ರಿಯ ಖಾನಾವಳಿ ಬಿಟ್ಟು ಚಹಾ ಬಿಸ್ಕೀಟಿನಲ್ಲಿ ಮಲಗುವವರು ನಮ್ಮಲ್ಲಿ ಇಂದಿಗೂ ಇದ್ದಾರೆ. ಅದು ಬಡತನ, ಈ ಕಾಯಿಲೆಯಲ್ಲ. ಅದಕ್ಕೆ ಮದ್ದು ಪಗಾರ. ಹಾಗೆಯೇ ಏಕಾದಶಿ, ಸಂಕಷ್ಟಿ, ನವರಾತ್ರಿ, ರಂಜಾನಿನ ರೋಜಾ ಇವು ಯಾವುವೂ ಕಾಯಿಲೆಯಲ್ಲ. ವ್ರತಕ್ಕೂ ಕಾಯಿಲೆಗೂ ವ್ಯತ್ಯಾಸ ತಿಳಿಯಲು ನಮ್ಮ ಶಾಸ್ತ್ರದಲ್ಲಿಯೇ ಒಂದು ಅಳತೆಗೋಲಿದೆ: ಪಾರಣೆ. ವ್ರತಕ್ಕೆ ಪಾರಣೆ ಉಂಟು. ದ್ವಾದಶಿಯ ಬೆಳಿಗ್ಗೆ ಹೊತ್ತು ಮೀರದಂತೆ ಉಣ್ಣದಿದ್ದರೆ ಏಕಾದಶಿಯ ಫಲವಿಲ್ಲವೆಂದು ಹಿರಿಯರು ಕಟ್ಟುಮಾಡಿದರು. ರೋಗಿಗಳು, ಮಕ್ಕಳು, ಬಸುರಿ ಬಾಣಂತಿಯರು ಉಪವಾಸ ಮಾಡಬೇಕಾಗಿಲ್ಲವೆಂದೂ ಹೇಳಿದರು. ಪಾರಣೆಯ ದಿನ ಬಂದರೂ ನೆಪ ಹೇಳುವುದು, ಒಂದು ವ್ರತ ಮುಗಿಯುವ ಮುಂಚೆ ಇನ್ನೊಂದನ್ನು ಹುಡುಕುವುದು, ಪ್ರಸಾದಕ್ಕೂ ಕೈ ನಡುಗುವುದು, ಇವನ್ನು ಕಂಡರೆ ದೇವರ ಭಕ್ತಿ ಎಂದು ಸುಮ್ಮನಾಗಬಾರದು.

ನಮ್ಮ ದೇಶದಲ್ಲಿ ಈ ಕಾಯಿಲೆ ಬೇರೆ ವೇಷದಲ್ಲಿ ಬರುವುದುಂಟು. ಪಾಶ್ಚಾತ್ಯ ಪುಸ್ತಕಗಳು, ರೋಗಿಗೆ ತಾನು ದಪ್ಪಗಾಗಿದ್ದೇನೆಂಬ ಭ್ರಮೆ ಇರುತ್ತದೆಂದು ಮೊದಲು ಹೇಳುತ್ತವೆ. ದಿಲ್ಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ವೈದ್ಯರು ೧೯೯೫ರಲ್ಲಿ ಐವರು ತರುಣಿಯರ ವೃತ್ತಾಂತ ಪ್ರಕಟಿಸಿದರು. ಅವರೂ ಊಟ ಬಿಟ್ಟಿದ್ದರು, ಸೊರಗಿದ್ದರು, ವಾಂತಿ ಮಾಡಿಕೊಳ್ಳುತ್ತಿದ್ದರು. ಆದರೆ ದಪ್ಪದ ಮಾತು ಅವರ ಬಾಯಲ್ಲಿ ಬರಲಿಲ್ಲ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಿಂದ ೨೦೦೭ರಲ್ಲಿ ಬಂದ ವರದಿಯಲ್ಲಿ, ಊಟದ ಕಾಯಿಲೆ ಇದ್ದ ಮಕ್ಕಳಲ್ಲಿ ಬಹುಪಾಲು ಮನಸ್ಸಿನ ಕಾರಣದಿಂದ ವಾಂತಿ ಮಾಡಿಕೊಳ್ಳುವವರೇ ಆಗಿದ್ದರು. ಹೊಟ್ಟೆ ಉಬ್ಬರ, ತೇಗು, ಎದೆಯುರಿ, ವಾಕರಿಕೆ, ನಮ್ಮವರು ಹೇಳಿಕೊಳ್ಳುವುದು ಇವನ್ನೇ. ಹೋಗುವುದೂ ಹೊಟ್ಟೆಯ ಡಾಕ್ಟರ ಹತ್ತಿರವೇ. ಆದ್ದರಿಂದ ಕಾಯಿಲೆ ನಮ್ಮಲ್ಲಿ ಇಲ್ಲವೆಂದು ಬಹುಕಾಲ ನಂಬಿದ್ದೆವು. ಬೆಂಗಳೂರಿನಲ್ಲಿ ಮಾನಸಿಕ ವೈದ್ಯರನ್ನೇ ಕೇಳಿ ೨೦೧೨ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಉತ್ತರ ಕೊಟ್ಟ ಅರವತ್ತಾರು ಮಂದಿಯಲ್ಲಿ ಮೂರರಲ್ಲಿ ಎರಡು ಪಾಲು ಜನ ಇಂಥ ರೋಗಿಯನ್ನು ಒಬ್ಬರನ್ನಾದರೂ ನೋಡಿದ್ದೇವೆಂದರು. ೨೦೨೫ರ ಮಾರ್ಚಿನಲ್ಲಿ ಕಾಸರಗೋಡಿನ ನೆರೆಯ ಕಣ್ಣೂರು ಜಿಲ್ಲೆಯ ಒಬ್ಬ ವಿದ್ಯಾರ್ಥಿನಿ ಮೈ ಇಳಿಸಲೆಂದು ಊಟ ಬಿಟ್ಟು ಬಿಟ್ಟು ಕೊನೆಗೆ ಆಸ್ಪತ್ರೆಯಲ್ಲಿ ತೀರಿಕೊಂಡ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿರಬಹುದು. ಅನೊರೆಕ್ಸಿಯಾ ಇರಬೇಕೆಂದು ವೈದ್ಯರು ಸಂಶಯಪಟ್ಟಿದ್ದರು. ಆ ಸುದ್ದಿ ಬಂದ ದಿನ ಅಕ್ಕ ನನಗೆ ಫೋನು ಮಾಡಿ, ಏನೂ ಮಾತಾಡದೆ ಅತ್ತಳು.

ಇನ್ನು ಎರಡನೆಯ ಬಗೆ. ಇದು ಒಂಟಿಯಾಗಿ ಖೋಲಿಗಳಲ್ಲಿರುವ ನಮ್ಮ ತರುಣರಿಗೆ ಹತ್ತಿರದ ಮಾತು. ಹಿಂದೆ ನಾನಿದ್ದ ಖೋಲಿಯಲ್ಲಿ ಆರು ಮಂದಿ. ಅವರಲ್ಲೊಬ್ಬ ಕಾರಕೂನ, ಒಳ್ಳೆಯ ಹುಡುಗ, ದಿನವಿಡೀ ಏನೂ ತಿನ್ನನು. ಡಬ್ಬಿ ತಂದರೆ ಬೇರೆಯವರಿಗೆ ಕೊಡುವನು. ರಾತ್ರಿ ಸ್ಟೇಶನ್ನಿನಿಂದ ಬರುವ ದಾರಿಯಲ್ಲಿ ಒಂದು ಗಾಡಿಯ ಹತ್ತಿರ ವಡಾಪಾವ್, ಮುಂದಿನದರಲ್ಲಿ ಭಜಿ, ಬೇಕರಿಯಲ್ಲಿ ಕೇಕು. ಒಂದೇ ಗಾಡಿಯಲ್ಲಿ ತಿಂದರೆ ಗಾಡಿಯವನು ನೋಡುತ್ತಾನೆಂದು ಗಾಡಿ ಬದಲಿಸುವನು. ಹೊಟ್ಟೆ ನೋಯುವ ತನಕ ತಿನ್ನುವನು. ಬಂದ ಕೂಡಲೆ ಮೋರಿಗೆ ಹೋಗಿ ನಲ್ಲಿ ಜೋರಾಗಿ ಬಿಡುವನು. ಇಪ್ಪತ್ತನೆಯ ತಾರೀಖಿಗೆ ಪಗಾರ ಖಾಲಿ, ಆಮೇಲೆ ಸಾಲ. ನಾವು ಅವನಿಗೆ ಬಕಾಸುರನೆಂದು ಹೆಸರಿಟ್ಟು ನಗುತ್ತಿದ್ದೆವು. ಒಂದು ದಿನ ಯಾರಿಗೂ ಹೇಳದೆ ಊರಿಗೆ ಹೋದ, ಮುಂದೇನಾಯಿತೋ. ಅದು ಬುಲಿಮಿಯಾ ಎಂಬ ಕಾಯಿಲೆಯ ರೀತಿ ಎಂದು ನನಗೆ ಹೊಳೆದದ್ದು ಹತ್ತು ವರ್ಷದ ಮೇಲೆ, ಸೊಸೆಯ ಪುಸ್ತಕಗಳನ್ನು ಓದುವಾಗ.

ಬುಲಿಮಿಯಾ ಎಂದರೆ ತಡೆಯಲಾರದೆ ಬಹಳಷ್ಟು ತಿನ್ನುವುದು, ಬಳಿಕ ನಾಚಿಕೆ ಭಯಗಳಿಂದ ಅದನ್ನು ವಾಂತಿಯಿಂದಲೋ ಭೇದಿಯ ಮಾತ್ರೆಯಿಂದಲೋ ಉಪವಾಸದಿಂದಲೋ ಕಳೆಯಲು ನೋಡುವುದು. ಇದನ್ನು ೧೯೭೯ರಲ್ಲಿ ಲಂಡನ್ನಿನ ಜೆರಾಲ್ಡ್ ರಸೆಲ್ ವಿವರಿಸಿದರು. ಕಳೆಯುವ ಕ್ರಮವಿಲ್ಲದೆ ಬರಿಯ ಅತಿ ತಿನ್ನುವಿಕೆಯೇ ಮರುಮರಳಿ ಬಂದರೆ ಅದಕ್ಕೆ ಬಿಂಜ್ ಈಟಿಂಗ್ ಎನ್ನುತ್ತಾರೆ. ಅಮೆರಿಕದ ಮಾನಸಿಕ ವೈದ್ಯರ ಸಂಘ ೨೦೧೩ರಲ್ಲಿ ಅದನ್ನೂ ಬೇರೆ ಕಾಯಿಲೆಯೆಂದು ಪಟ್ಟಿಗೆ ಸೇರಿಸಿತು. ಈ ರೋಗಿಗಳು ಸೊರಗಿರುವುದಿಲ್ಲ. ನೋಡಲು ನಮ್ಮ ನಿಮ್ಮಂತೆಯೇ ಇರುತ್ತಾರೆ, ಕೆಲವರು ಸ್ಥೂಲವಾಗಿರುತ್ತಾರೆ. ಆದ್ದರಿಂದ ಯಾರೂ ಸಂಶಯಪಡುವುದಿಲ್ಲ. ಹೊಟ್ಟೆಬಾಕ ಎಂಬ ಬೈಗುಳ ಕನ್ನಡದಲ್ಲಿ ಸಿದ್ಧವಾಗಿರುವುದರಿಂದ ಅವರೂ ಬಾಯಿ ಬಿಡುವುದಿಲ್ಲ. ಆದರೆ ಒಳಗೆ ನಡೆಯುವ ಹಾನಿ ದೊಡ್ಡದು. ಮೇಲಿಂದ ಮೇಲೆ ವಾಂತಿ ಭೇದಿಯಾದರೆ ರಕ್ತದಲ್ಲಿ ಪೊಟ್ಯಾಸಿಯಂ ಎಂಬ ಲವಣ ಕುಸಿದು ಹೃದಯದ ಬಡಿತ ತಪ್ಪುತ್ತದೆ. ನಿಂತ ಮನುಷ್ಯ ಕುಸಿಯುವುದು ಹೀಗೆ. ಹಲ್ಲಿನ ಹೊಳಪು ಸವೆಯುತ್ತದೆ, ಕಿವಿಯ ಕೆಳಗೆ ಗಲ್ಲ ಊದಿಕೊಳ್ಳುತ್ತದೆ. ಹಲ್ಲಿನ ಡಾಕ್ಟರೇ ಮೊದಲು ಕಂಡುಹಿಡಿದ ಪ್ರಸಂಗಗಳುಂಟು. ನಮ್ಮ ಊರಿನ ಚಿತ್ರನಟಿ ರಿಚಾ ಚಡ್ಢಾ ತಮಗೆ ಬುಲಿಮಿಯಾ ಇತ್ತೆಂದು ಸಭೆಯಲ್ಲಿ ನಿಂತು ಹೇಳಿದ್ದಾರೆ. ಅಂಥವರೇ ಹೇಳಿಕೊಳ್ಳಬಹುದಾದರೆ ಖೋಲಿಯ ಹುಡುಗನೂ ಹೇಳಿಕೊಳ್ಳಬಹುದು.

ಮೈ ಬೆಳೆಸುವ ಹುಚ್ಚಿನಲ್ಲಿ ಜಿಮ್ಮಿಗೆ ಹೋಗುವ ತರುಣರಲ್ಲಿಯೂ ಇದರ ಒಂದು ಮುಖ ಕಾಣುತ್ತದೆ. ಡಬ್ಬಿಯ ಪುಡಿ, ಮೊಟ್ಟೆಯ ಬಿಳಿಭಾಗ ಬಿಟ್ಟು ಬೇರೇನನ್ನೂ ಮುಟ್ಟದೆ, ಒಂದು ದಿನ ಕಸರತ್ತು ತಪ್ಪಿದರೆ ಮನಸ್ಸು ಕೆಡಿಸಿಕೊಂಡು ಕೂಡುತ್ತಾರೆ. ಅದನ್ನು ವಿಸ್ತರಿಸಲು ಇಲ್ಲಿ ಸ್ಥಳವಿಲ್ಲ.

ಗುರುತಿಸುವುದು ಹೇಗೆ? ಇಂಗ್ಲೆಂಡಿನ ವೈದ್ಯರು ೧೯೯೯ರಲ್ಲಿ ಐದು ಸಣ್ಣ ಪ್ರಶ್ನೆಗಳ ಒಂದು ಪಟ್ಟಿ ಮಾಡಿದರು. ಅವುಗಳ ಭಾವ ಇಷ್ಟು. ಹೊಟ್ಟೆ ಅತಿಯಾಗಿ ತುಂಬಿತೆಂದು ಬೇಕೆಂದೇ ವಾಂತಿ ಮಾಡಿಕೊಳ್ಳುತ್ತೀರಾ? ಎಷ್ಟು ತಿನ್ನುವೆನೆಂಬುದು ನಿಮ್ಮ ಹಿಡಿತ ತಪ್ಪಿದೆಯೆಂದು ಚಿಂತೆಯಾಗುತ್ತದೆಯೇ? ಇತ್ತೀಚೆಗೆ ಮೂರು ತಿಂಗಳೊಳಗೆ ಆರು ಕಿಲೋಗಿಂತ ಹೆಚ್ಚು ಇಳಿದಿದ್ದೀರಾ? ಬೇರೆಯವರು ಸೊರಗಿದ್ದೀಯ ಎನ್ನುವಾಗಲೂ ನೀವು ದಪ್ಪಗಿದ್ದೀರೆಂದೇ ನಿಮಗೆ ತೋರುತ್ತದೆಯೇ? ನಿಮ್ಮ ಬದುಕನ್ನೆಲ್ಲ ಊಟದ ವಿಚಾರವೇ ಆಳುತ್ತಿದೆಯೇ? ಎರಡಕ್ಕೆ ಹೌದೆಂದರೆ ವೈದ್ಯರಿಗೆ ತೋರಿಸಬೇಕು. ಇದು ಜರಡಿ ಮಾತ್ರ, ನಿರ್ಣಯ ವೈದ್ಯರದು. ನಮ್ಮವರಿಗೆ ಇನ್ನೂ ಕೆಲವನ್ನು ಸೇರಿಸುವೆ. ಮದುವೆ ಮುಂಜಿವೆಯ ಪಂಕ್ತಿಗೆ ತಪ್ಪಿಸಿಕೊಳ್ಳುವುದು, "ಆಗಲೇ ಉಂಡು ಬಂದೆ" ಎಂಬ ಮಾತು ದಿನವೂ ಬರುವುದು, ಉಂಡ ಕೂಡಲೆ ಮೋರಿಗೆ ಹೋಗುವುದು, ಕೈಮೇಲೆ ನವಿರಾದ ಕೂದಲು ಮೂಡುವುದು, ಮುಟ್ಟು ನಿಲ್ಲುವುದು. ತೂಕವೊಂದನ್ನೇ ನೋಡಿ ಕೂಡಬೇಡಿರಿ. ಆದರೆ ತಲೆ ಸುತ್ತಿ ಬೀಳುವುದು, ಎದೆ ಬಡಿತ ತಪ್ಪುವುದು, ನಾಡಿ ಬಹಳ ನಿಧಾನವಾಗುವುದು, ನೀರನ್ನೂ ಒಲ್ಲೆನೆನ್ನುವುದು, ಸಾಯುವ ಮಾತಾಡುವುದು, ಇವುಗಳಲ್ಲಿ ಒಂದು ಕಂಡರೂ ನಾಳೆಗೆ ಇಡದೆ ಅಂದೇ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು.

ಎಲ್ಲಿಗೆ? ಮುಂಬಯಿಯಲ್ಲಿರುವವರಿಗೆ ಈ ವಿಷಯದಲ್ಲಿ ಒಂದು ಭಾಗ್ಯವಿದೆ. ಪರೇಲಿನ ಕೆ.ಇ.ಎಂ., ಮುಂಬಯಿ ಸೆಂಟ್ರಲ್ಲಿನ ನಾಯರ್, ಸಾಯನ್ನಿನ ಲೋಕಮಾನ್ಯ ತಿಲಕ್, ಪಶ್ಚಿಮ ಉಪನಗರದವರಿಗೆ ಜುಹೂ ಬಳಿಯ ಕೂಪರ್, ಇವು ಮಹಾನಗರಪಾಲಿಕೆಯವು, ಭಾಯಖಳೆಯ ಜೆ.ಜೆ. ಸರಕಾರದ್ದು. ಇವೆಲ್ಲವುಗಳಲ್ಲಿ ದೇಹದ ವೈದ್ಯರೂ ಮನಸ್ಸಿನ ವೈದ್ಯರೂ ಒಂದೇ ಆವರಣದಲ್ಲಿದ್ದಾರೆ. ಈ ಕಾಯಿಲೆಗೆ ಇಬ್ಬರೂ ಬೇಕು. ಮೊದಲು ಸಾಮಾನ್ಯ ವಿಭಾಗದಲ್ಲಿ ಕೇಸ್ ಪೇಪರ್ ಮಾಡಿಸಿ, ನಾಡಿ, ರಕ್ತ, ಇ.ಸಿ.ಜಿ. ನೋಡಿಸಿ, ಊಟದ ಸಂಗತಿಯನ್ನು ಮುಚ್ಚಿಡದೆ ಹೇಳಿದರೆ ಅವರೇ ಮನೋರೋಗ ವಿಭಾಗಕ್ಕೆ ಬರೆದುಕೊಡುತ್ತಾರೆ. ಠಾಣೆಯ ಕಡೆಯವರಿಗೆ ಅಲ್ಲಿನ ಪ್ರಾದೇಶಿಕ ಮಾನಸಿಕ ಆಸ್ಪತ್ರೆ ಇದೆ. ಅದರ ಹೆಸರು ಕೇಳಿ ಹೆದರುವ ಕಾರಣವಿಲ್ಲ, ಹೊರರೋಗಿಗಳನ್ನೂ ನೋಡುತ್ತಾರೆ. ಇ.ಎಸ್.ಐ. ಇದ್ದ ಕಾರ್ಮಿಕರು ತಮ್ಮ ಡಿಸ್ಪೆನ್ಸರಿಯಿಂದ ಚೀಟಿ ಬರೆಸಿಕೊಳ್ಳಬಹುದು. ಅವಲಂಬಿತ ಮನೆಯವರಿಗೂ ಅದು ನಡೆಯುತ್ತದೆ.

ಸಾಲಿನಲ್ಲಿ ನಿಲ್ಲುವ ಮೊದಲು ಯಾರೊಡನಾದರೂ ಕನ್ನಡದಲ್ಲಿ ಮಾತಾಡಬೇಕೆನ್ನಿಸಿದರೆ ಕೇಂದ್ರ ಸರಕಾರದ ಟೆಲಿ ಮಾನಸ್ ಇದೆ. ೨೦೨೨ರ ಅಕ್ಟೋಬರ್ ೧೦ರಂದು ಆರಂಭವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ನಂಬರು ೧೪೪೧೬. ಹಗಲು ರಾತ್ರಿ ನಡೆಯುತ್ತದೆ, ಖರ್ಚಿಲ್ಲ, ಭಾಷೆ ಆರಿಸಿಕೊಳ್ಳಬಹುದು, ಕನ್ನಡವೂ ಉಂಟು. ಮರಾಠಿಯಲ್ಲಿ ವ್ಯವಹಾರ ಮಾಡಬಲ್ಲವನಿಗೂ ಸಂಕಟ ಹೇಳಿಕೊಳ್ಳಲು ತಾಯಿನುಡಿಯೇ ಬೇಕಾಗುತ್ತದೆ. ರೋಗಿ ಊರಿನಲ್ಲಿದ್ದರೆ ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಇವೆ. ಜಿಲ್ಲಾ ಆಸ್ಪತ್ರೆಯಲ್ಲಿಯೂ ವಿಚಾರಿಸಬೇಕು. ೧೯೮೦ರ ದಶಕದಲ್ಲಿ ನಿಮ್ಹಾನ್ಸಿನವರು ನಮ್ಮ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗವನ್ನೇ ಮಾದರಿಯಾಗಿಟ್ಟುಕೊಂಡು ೧೯೯೬ರಿಂದ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹರಡಿತೆಂಬುದು ಕನ್ನಡಿಗರು ಅಭಿಮಾನಪಡುವ ಸಂಗತಿ.

ಆಫೀಸಿಗೆ ತಿಳಿದೀತು, ಹುಡುಗಿಯ ಮದುವೆ ತಪ್ಪೀತು ಎಂಬ ಅಂಜಿಕೆ ನನಗೆ ಗೊತ್ತು. ನಮ್ಮ ಮನೆಯಲ್ಲಿಯೂ ಅದೇ ಅಂಜಿಕೆ ಮೂರು ವಾರ ತಿಂದಿತು. ೨೦೧೭ರ ಮಾನಸಿಕ ಆರೋಗ್ಯ ಕಾಯಿದೆ ೨೦೧೮ರ ಮೇ ೨೯ರಿಂದ ಜಾರಿಯಲ್ಲಿದೆ. ಚಿಕಿತ್ಸೆ ಪಡೆಯುವುದು ರೋಗಿಯ ಹಕ್ಕು, ಅವರ ಕಾಯಿಲೆಯ ವಿಷಯ ಗುಟ್ಟಾಗಿಡುವುದು ವೈದ್ಯರ ಕರ್ತವ್ಯ, ವಿಮೆಯ ಕಂಪನಿಗಳು ದೇಹದ ಕಾಯಿಲೆಯಂತೆಯೇ ಮನಸ್ಸಿನದನ್ನೂ ಎಣಿಸಬೇಕು ಎಂದು ಅದು ಹೇಳುತ್ತದೆ.

ನಮ್ಮ ಹುಡುಗಿಯನ್ನು ಮೊದಲ ಎರಡು ವಾರ ದೇಹದ ವಾರ್ಡಿನಲ್ಲಿಯೇ ಇಟ್ಟರು. ಅಲ್ಲಿ ಕೊಡುವ ಊಟದ ಪ್ರಮಾಣ ನೋಡಿ ಅಕ್ಕನಿಗೆ ಸಿಟ್ಟು ಬಂತು. "ಇಷ್ಟೇ ಏನು? ಉಪವಾಸ ಬಿದ್ದು ಬಂದವಳಿಗೆ ನೀವೂ ಉಪವಾಸ ಹಾಕುತ್ತೀರಲ್ಲ!" ಎಂದು ಸಿಸ್ಟರನ್ನು ಕೇಳಿದಳು. ಕಾರಣ ಬೇರೆ ಇತ್ತು. ಬಹುದಿನ ಬರಿದಾಗಿದ್ದ ಮೈಗೆ ಒಮ್ಮೆಲೆ ಅನ್ನ ಹಾಕಿದರೆ ರಕ್ತದ ರಂಜಕ ಮೊದಲಾದ ಲವಣಗಳು ಥಟ್ಟನೆ ಇಳಿದು ಹೃದಯ ನಿಲ್ಲಬಹುದು. ಮಹಾಯುದ್ಧ ಮುಗಿದು ಸೆರೆಯಿಂದ ಬಿಡುಗಡೆಯಾದ ಕೈದಿಗಳು ಹೊಟ್ಟೆ ತುಂಬ ಉಂಡು ಸತ್ತದ್ದನ್ನು ಕಂಡು ವೈದ್ಯರು ಇದನ್ನು ಕಲಿತರು. ಬಹಳ ಸೊರಗಿದವರಿಗೆ ಮನೆಯಲ್ಲಿ ಮುದ್ದಿನಿಂದ ತುಪ್ಪದನ್ನ ತುರುಕುವುದು ಅಪಾಯ. ರಕ್ತ ನೋಡುತ್ತ, ದಿನದಿನಕ್ಕೆ ಸ್ವಲ್ಪ ಸ್ವಲ್ಪ ಏರಿಸಬೇಕು.

ಬಳಿಕ ಮನೆ. ಎಳೆಯ ವಯಸ್ಸಿನವರಿಗೆ ಹೆಚ್ಚು ಫಲ ಕೊಟ್ಟ ಪದ್ಧತಿ ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ ಬೆಳೆದದ್ದು. ಅದರಲ್ಲಿ ಚಿಕಿತ್ಸೆಯ ಮುಖ್ಯ ಕೈ ತಂದೆತಾಯಿಯದೇ. ಏನು, ಎಷ್ಟು, ಯಾವಾಗ ಎಂಬುದನ್ನು ಕೆಲಕಾಲ ಅವರೇ ನಿರ್ಣಯಿಸಿ, ಪ್ರತಿ ಊಟಕ್ಕೂ ಪಕ್ಕದಲ್ಲಿ ಕೂಡಬೇಕು. ಬೈಯಬಾರದು, ಚೌಕಾಶಿ ಮಾಡಬಾರದು, ಬಿಟ್ಟೂ ಕೊಡಬಾರದು. ಆರೋಗ್ಯ ಮರಳಿದಂತೆ ಅಧಿಕಾರವನ್ನು ಸ್ವಲ್ಪ ಸ್ವಲ್ಪವಾಗಿ ಮಗುವಿಗೆ ಹಿಂದಿರುಗಿಸಬೇಕು. ದೊಡ್ಡವರಿಗೆ, ಬುಲಿಮಿಯಾದವರಿಗೆ, ಆಲೋಚನೆಯ ರೀತಿಯನ್ನು ತಿದ್ದುವ ಮಾತಿನ ಚಿಕಿತ್ಸೆ ಇದೆ. ಹೊತ್ತಿಗೆ ಸರಿಯಾಗಿ ಉಣ್ಣುವುದೇ ಅದರ ಮೊದಲ ಪಾಠ, ಏಕೆಂದರೆ ರಾತ್ರಿಯ ಅತಿ ತಿನ್ನುವಿಕೆ ಹಗಲಿನ ಉಪವಾಸದ ಮಗು. ಬುಲಿಮಿಯಾಕ್ಕೆ ಮಾತ್ರೆಗಳೂ ಉಪಯೋಗವಾಗುತ್ತವೆ. ಅನೊರೆಕ್ಸಿಯಾಕ್ಕೆ ಮಾತ್ರೆಯೊಂದೇ ಸಾಲದು.

ಭಾವ ಒಂದು ತಿಂಗಳ ರಜೆ ಹಾಕಿದರು. ತೂಕದ ಯಂತ್ರ ಅಟ್ಟ ಸೇರಿತು. ನೋಟುಬುಕ್ಕನ್ನು ಹುಡುಗಿ ತಾನಾಗಿ ನನ್ನ ಕೈಗೆ ಕೊಟ್ಟಳು, ಹರಿಯಬೇಡ ಮಾಮ ಎಂದು ಹೇಳಿ. ಅಜ್ಜಿ ಮಾಡಿದ ಕೆಲಸ ದೊಡ್ಡದು. ಮಠದಲ್ಲಿ ಕೇಳಿ ಬಂದು, "ನಿನಗೆ ಔಷಧವೇ ವ್ರತ, ಊಟವೇ ಔಷಧ, ಈ ವರ್ಷ ನಿನ್ನ ಪಾಲಿನದನ್ನು ನಾನು ಹಿಡಿಯುತ್ತೇನೆ" ಎಂದರು. ನೆಂಟರಿಷ್ಟರಿಗೆ ಮೈಯ ಮಾತು ಎತ್ತಬಾರದೆಂದು ಮೊದಲೇ ಹೇಳಿಟ್ಟೆವು. ಊರಿನಿಂದ ಬಂದವರು ಬಾಗಿಲಲ್ಲಿಯೇ "ಸೊರಗಿದ್ದೀಯಲ್ಲ" ಎನ್ನುವುದು, ಮುಂದಿನ ಸಲ "ಮೈ ತುಂಬಿಕೊಂಡಿದ್ದೀಯಲ್ಲ" ಎನ್ನುವುದು ನಮ್ಮಲ್ಲಿ ಯೋಗಕ್ಷೇಮ ಕೇಳುವ ರೀತಿ. ಅದರಲ್ಲಿ ಕೆಡುಕಿಲ್ಲ. ಆದರೆ ಗುಣವಾಗುತ್ತಿರುವ ಹುಡುಗಿಗೆ ಆ ಎರಡನೆಯ ಮಾತು ಒಂದು ವಾರದ ಊಟ ಕೆಡಿಸಿತು. ಆಡಿದವರು ನಮ್ಮ ಚಿಕ್ಕಪ್ಪನೇ, ಪ್ರೀತಿಯಿಂದಲೇ.

ಇದಾಗಿ ಎರಡು ವರ್ಷವಾಯಿತು. ತರಕಾರಿ, ಬೇಳೆ, ಹಾಲು ಎಲೆಗೆ ಮರಳಿವೆ. ಮೊಸರಿನ ಮೇಲೆ ಇನ್ನೂ ತಕರಾರಿದೆ. ಎರಡು ಸಲ ಹಿಂದೆ ಜಾರಿದಳು, ಮತ್ತೆ ಎದ್ದಳು. ಜಾರುವುದು ಈ ಕಾಯಿಲೆಯಲ್ಲಿ ಇರುವುದೇ, ಹೆದರಬೇಡಿರೆಂದು ವೈದ್ಯೆ ಹೇಳಿದ್ದಾರೆ. ಈಗ ಕಾಲೇಜಿಗೆ ಹೋಗುತ್ತಾಳೆ, ಡಬ್ಬಿ ಒಯ್ಯುತ್ತಾಳೆ. ಡಬ್ಬಿ ಖಾಲಿಯಾಗಿ ಬರುತ್ತದೆ, ಯಾರು ತಿಂದರೆಂದು ಅಕ್ಕ ಕೇಳುವುದನ್ನು ಬಿಟ್ಟಿದ್ದಾಳೆ. ಮುಂದಿನ ತಾರೀಖು ಬರುವ ತಿಂಗಳ ಮೊದಲ ಮಂಗಳವಾರ. ಭಾವನಿಗೆ ರಜೆ ಸಿಗದಿದ್ದರೆ ಕೇಸ್ ಪೇಪರಿನ ಸಾಲಿನಲ್ಲಿ ನಾನು ನಿಲ್ಲುವವನು.